ಡಿವಿಷನ್ 3 ಕಾಲೇಜು ಫುಟ್‌ಬಾಲ್ ಸೀಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ನೆಗಿ ಮೆಲನ್, ಕೇಸ್ ವೆಸ್ಟರ್ನ್, ಜಾನ್ಸ್ ಹಾಪ್ಕಿನ್ಸ್, ಎಂಐಟಿ, ಷಿಕಾಗೊ ವಿಶ್ವವಿದ್ಯಾಲಯ. ಕರ್ನಾಟಕದಿಂದ ಓದಲು ಹೋಗುವವರ ಬಾಯಲ್ಲಿ ಸದಾ ಇರುವ ಈ ಹೆಸರುಗಳೆಲ್ಲ ಫುಟ್‌ಬಾಲ್ ವಿಷಯಕ್ಕೆ ಬಂದರೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ: ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಡಿವಿಷನ್ 3. ಟಿವಿಯಲ್ಲಿ ಕಾಣುವ ಲಕ್ಷ ಜನರ ಸ್ಟೇಡಿಯಂಗಳ ಲೋಕ ಇದಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗೆ, ಅದೃಷ್ಟವಿದ್ದರೆ ಜನವರಿವರೆಗೆ ನಡೆಯುವ ಈ ಸೀಸನ್ ಬಗ್ಗೆ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್. ನಮ್ಮ ಕಾಲ್ಚೆಂಡಿಗೆ ಅಲ್ಲಿ ಸಾಕರ್ ಎನ್ನುತ್ತಾರೆ.

ಡಿವಿಷನ್ 3 ಅಂದರೆ ಮೂರನೇ ದರ್ಜೆಯೇ?

ಅಲ್ಲ. ಐಪಿಎಲ್ ಆದಮೇಲೆ ರಣಜಿ, ಅದಾದಮೇಲೆ ಜಿಲ್ಲಾ ಲೀಗ್ ಎನ್ನುವ ಹಾಗೆ ಆಟದ ಗುಣಮಟ್ಟ ನೋಡಿ ಇಳಿಸಿದ ಮೆಟ್ಟಿಲಲ್ಲ ಇದು. ಸೋತರೆ ಕೆಳಗಿಳಿಯುವುದು, ಗೆದ್ದರೆ ಮೇಲೇರುವುದು ಇಲ್ಲಿಲ್ಲ. ಆಟಕ್ಕಾಗಿ ಎಷ್ಟು ಹಣ ಕೊಡುತ್ತೇವೆ ಎಂದು ಕಾಲೇಜು ತಾನೇ ತೀರ್ಮಾನಿಸಿ ಸೇರಿಕೊಳ್ಳುವ ಗುಂಪು ಇದು. ಎನ್‌ಸಿಎಎ 1973ರಲ್ಲಿ ತನ್ನ ಸದಸ್ಯ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಡಿವಿಷನ್ 1ರ ಫುಟ್‌ಬಾಲ್ 1978ರಲ್ಲಿ ಮತ್ತೆ ಎರಡಾಯಿತು. ಆ ಎರಡು ಹೋಳುಗಳನ್ನು 2006ರಿಂದ ಎಫ್‌ಬಿಎಸ್ (ಮೇಲಿನದು), ಎಫ್‌ಸಿಎಸ್ (ಕೆಳಗಿನದು) ಎಂದು ಕರೆಯುತ್ತಾರೆ. ಡಿವಿಷನ್ 2ರ ಕಾಲೇಜು ತನ್ನ ಫುಟ್‌ಬಾಲ್ ತಂಡಕ್ಕೆ ಒಟ್ಟು 36 ಪೂರ್ಣ ಸ್ಕಾಲರ್‌ಶಿಪ್‌ಗೆ ಸಮನಾದ ಹಣವನ್ನು ತುಂಡು ತುಂಡಾಗಿ ಹಂಚಬಹುದು. ಡಿವಿಷನ್ 3ರಲ್ಲಿ ಆ ಸಂಖ್ಯೆ ಸೊನ್ನೆ. ಆಡುತ್ತಾನೆ ಎಂಬ ಕಾರಣಕ್ಕೆ ಒಂದು ಡಾಲರನ್ನೂ ಕೊಡುವಂತಿಲ್ಲ. ಫುಟ್‌ಬಾಲ್ ಆಡುವ ಕಾಲೇಜುಗಳು ಅತಿ ಹೆಚ್ಚು ಇರುವುದೂ ಇದೇ ಗುಂಪಿನಲ್ಲಿ, ಸುಮಾರು 240.

ಸ್ಕಾಲರ್‌ಶಿಪ್ ಇಲ್ಲದಿದ್ದರೆ ಆಟಗಾರರು ಯಾಕೆ ಬರುತ್ತಾರೆ? ಕಾಲೇಜಿಗೆ ಇದರಿಂದ ಏನು?

ಹೈಸ್ಕೂಲಿನಲ್ಲಿ ಚೆನ್ನಾಗಿ ಆಡಿ, ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ ಎರಡು ಇಂಚು ಎತ್ತರವೋ ಹತ್ತು ಕಿಲೋ ತೂಕವೋ ಸಾಲದೆ ಹೋದವರು ಇಲ್ಲಿ ಬರುತ್ತಾರೆ. ಇನ್ನೂ ನಾಲ್ಕು ವರ್ಷ ಆಡಬೇಕು ಎಂಬ ಆಸೆಯೇ ಅವರನ್ನು ಕರೆತರುವುದು. ಕಲಿಕೆಯ ಅಂಕ, ಮನೆಯ ಆದಾಯ ನೋಡಿ ಎಲ್ಲ ವಿದ್ಯಾರ್ಥಿಗಳಿಗೂ ಸಿಗುವ ನೆರವು ಇವರಿಗೂ ಸಿಗುತ್ತದೆ. ಆದರೆ ಆಟಗಾರರಿಗೆ ಬೇರೆಯವರಿಗಿಂತ ಹೆಚ್ಚು ಹೋಗಿದೆಯೇ ಎಂದು ತಾಳೆ ನೋಡಲು ಕಾಲೇಜು ಪ್ರತಿ ವರ್ಷ ಎನ್‌ಸಿಎಎಗೆ ಲೆಕ್ಕ ಒಪ್ಪಿಸಬೇಕು.

ಕಾಲೇಜಿನ ಕಡೆಯಿಂದ ಲೆಕ್ಕ ಸರಳವಾಗಿದೆ. ಒಂದೂವರೆ ಎರಡು ಸಾವಿರ ವಿದ್ಯಾರ್ಥಿಗಳ ಖಾಸಗಿ ಕಾಲೇಜಿನಲ್ಲಿ ಫುಟ್‌ಬಾಲ್ ತಂಡವೊಂದಕ್ಕೇ ನೂರು ಹುಡುಗರಿರುವುದು ಸಾಮಾನ್ಯ. ಅವರೆಲ್ಲ ಶುಲ್ಕ ಕಟ್ಟಿ ಓದುವವರು. ಟಿಕೆಟ್ ಮಾರಿ ತಂಡ ನಡೆಸುವುದು ದೊಡ್ಡ ವಿಶ್ವವಿದ್ಯಾಲಯಗಳ ದಾರಿ. ತಂಡ ಇಟ್ಟು ತರಗತಿ ತುಂಬಿಸಿಕೊಳ್ಳುವುದು ಚಿಕ್ಕ ಕಾಲೇಜುಗಳ ದಾರಿ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಮಗನನ್ನು ಸೇರಿಸುವ ಮನೆಯವರು ಕೋಚ್‌ಗೆ ಒಂದು ಪ್ರಶ್ನೆ ಕೇಳಲೇಬೇಕು: ತಂಡದ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ, ಅದರಲ್ಲಿ ನಾಲ್ಕನೇ ವರ್ಷದವರು ಎಷ್ಟು? ಮೊದಲ ವರ್ಷದಲ್ಲಿ 50 ಜನರಿದ್ದು ಕೊನೆಯ ವರ್ಷದಲ್ಲಿ 8 ಜನ ಉಳಿದಿದ್ದರೆ ಉಳಿದವರು ಎಲ್ಲಿ ಹೋದರು ಎಂದು ವಿಚಾರಿಸಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳಿ.

ಮೈದಾನ 100 ಗಜ ಉದ್ದ, ಎರಡೂ ತುದಿಗೆ 10 ಗಜದ ಎಂಡ್ ಝೋನ್. ಒಂದು ಕಡೆ 11 ಜನ. 15 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ; ಒಂದೊಂದಕ್ಕೂ ಡೌನ್ ಎಂದು ಹೆಸರು. ಸಾಗಿದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಹಾಗಾಗಿ ನಾಲ್ಕನೇ ಡೌನ್‌ನಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಕಳಿಸುತ್ತಾರೆ. ಎಂಡ್ ಝೋನ್ ಸೇರಿದರೆ ಟಚ್‌ಡೌನ್, 6 ಅಂಕ. ಅದಾದಮೇಲೆ 3 ಗಜದ ಗೆರೆಯಿಂದ ಒದ್ದು ಗೋಲುಗಂಬಗಳ ನಡುವೆ ಕಳಿಸಿದರೆ 1 ಅಂಕ, ಅಲ್ಲಿಂದಲೇ ಮತ್ತೊಮ್ಮೆ ಓಡಿಯೋ ಎಸೆದೋ ಒಳಹೊಕ್ಕರೆ 2 ಅಂಕ. ಟಚ್‌ಡೌನ್ ಇಲ್ಲದೆಯೇ ಚೆಂಡನ್ನು ಗೋಲುಗಂಬಗಳ ನಡುವೆ ಒದೆಯುವ ಫೀಲ್ಡ್ ಗೋಲಿಗೆ 3, ಎದುರಾಳಿಯನ್ನು ಅವರದೇ ಎಂಡ್ ಝೋನ್‌ನಲ್ಲಿ ಕೆಡವಿದರೆ 2. ಮೊದಲ ಪಂದ್ಯ ನೋಡಲು ಇಷ್ಟು ಸಾಕು.

ಸೀಸನ್ ಯಾವಾಗ ಶುರುವಾಗುತ್ತದೆ?

ಅಭ್ಯಾಸ ಆಗಸ್ಟ್ ಮೊದಲ ಅಥವಾ ಎರಡನೇ ವಾರದಲ್ಲಿ, ಮೊದಲ ಪಂದ್ಯ ಸೆಪ್ಟೆಂಬರ್ ಆರಂಭದ ಸುಮಾರಿಗೆ. ಬೇರೆ ವಿದ್ಯಾರ್ಥಿಗಳು ಇನ್ನೂ ಊರಲ್ಲಿರುವಾಗಲೇ ಇವರು ಹಾಸ್ಟೆಲ್ ಸೇರಿರುತ್ತಾರೆ.

ಮೊದಲ ಐದು ದಿನ ಮೈಯನ್ನು ಬಿಸಿಲಿಗೂ ಭಾರಕ್ಕೂ ಒಗ್ಗಿಸುವ ಕಾಲ. ಒಂದನೇ, ಎರಡನೇ ದಿನ ಹೆಲ್ಮೆಟ್ ಮಾತ್ರ. ಮೂರನೇ, ನಾಲ್ಕನೇ ದಿನ ಹೆಲ್ಮೆಟ್ ಜೊತೆಗೆ ಭುಜದ ಪ್ಯಾಡ್. ಐದನೇ ದಿನ ಪೂರ್ತಿ ಉಡುಪು. ಈ ದಿನಗಳಲ್ಲಿ ದಿನಕ್ಕೊಂದೇ ಮೈದಾನದ ಅಭ್ಯಾಸ. ತಡವಾಗಿ ಬಂದು ಸೇರಿದವನೂ ಒಂದನೇ ದಿನದಿಂದಲೇ ಶುರು ಮಾಡಬೇಕು. ವೀಸಾ ತಡವಾಗಿ ಬಂದ ವಿದೇಶಿ ವಿದ್ಯಾರ್ಥಿಗಳಿಗೆ ಇದು ನೆನಪಿರಲಿ.

ಆಗಸ್ಟ್‌ನ ಬಿಸಿಲು ನಿಜವಾಗಿ ಅಷ್ಟು ಅಪಾಯವೇ? ನಾವು ರಾಯಚೂರಿನವರು, ಬಿಸಿಲು ಕಂಡವರು.

ಬಿಸಿಲು ಕಂಡಿರುವುದು ಬೇರೆ, ಬಿಸಿಲಿನಲ್ಲಿ ಹೆಲ್ಮೆಟ್, ಪ್ಯಾಡ್ ಕಟ್ಟಿಕೊಂಡು ಎರಡು ಗಂಟೆ ಓಡುವುದು ಬೇರೆ. ಬೆವರು ಆರಲು ಗಾಳಿಯೇ ಒಳಗೆ ಹೋಗುವುದಿಲ್ಲ. ಹೆಚ್ಚು ತೊಂದರೆಗೆ ಸಿಕ್ಕುವವರು 130, 140 ಕಿಲೋ ತೂಗುವ ಲೈನ್‌ಮನ್‌ಗಳು, ಅಂದರೆ ಮುಂದಿನ ಸಾಲಿನಲ್ಲಿ ನಿಂತು ತಳ್ಳಾಡುವವರು. ಕ್ಯಾಂಪಿನ ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದವು, ಏಕೆಂದರೆ ಮೈ ಒಗ್ಗಲು ಒಂದೆರಡು ವಾರ ಬೇಕು.

ಓಡುತ್ತಿರುವಾಗಲೇ ಬಡಿಯುವ ಈ ಶಾಖಾಘಾತದಲ್ಲಿ ಮೈಯೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹುಡುಗ ತಡವರಿಸಿ ಮಾತಾಡುತ್ತಾನೆ, ರೇಗುತ್ತಾನೆ ಅಥವಾ ಕುಸಿಯುತ್ತಾನೆ. ಬೆವರು ನಿಂತಿರಬೇಕು ಎಂಬುದು ತಪ್ಪು ತಿಳುವಳಿಕೆ. ಆಟಗಾರರು ಬೆವರು ಸುರಿಸುತ್ತಲೇ ಬೀಳುತ್ತಾರೆ. ಬಾಯಿ, ಕಿವಿ, ಹಣೆಯ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತವೆ, ಗುದದ್ವಾರದ ಅಳತೆಯೊಂದೇ ನಂಬಿಕೆಗೆ ಅರ್ಹ. ಮಾಡಬೇಕಾದದ್ದು ಒಂದೇ: ಪ್ಯಾಡ್ ಕಿತ್ತು, ಮೈದಾನದ ಅಂಚಿನಲ್ಲಿ ಮಂಜುಗಡ್ಡೆ ಹಾಕಿಟ್ಟ ದೊಡ್ಡ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ನೀರನ್ನು ಕಲಕುತ್ತಿರುವುದು. ನೀರು 15 ಡಿಗ್ರಿಗಿಂತ ತಣ್ಣಗಿರಬೇಕು. ಮೈ ಉಷ್ಣತೆ 39ರ ಹತ್ತಿರ ಇಳಿದಮೇಲೆ ಎತ್ತಿ ಆಸ್ಪತ್ರೆಗೆ ಸಾಗಿಸಬೇಕು. ಆಂಬುಲೆನ್ಸ್ ಬಂದಿದೆ ಎಂದು ತಣ್ಣಗಾಗುವ ಮೊದಲೇ ಎತ್ತಿಕೊಂಡು ಹೋಗುವುದು ದೊಡ್ಡ ತಪ್ಪು. ಮೊದಲ ಅರ್ಧ ಗಂಟೆಯೇ ಜೀವ ಉಳಿಸುವ ಸಮಯ.

ಕಾಲೇಜು ನೋಡಲು ಹೋದಾಗ ಆಗಸ್ಟ್‌ನಲ್ಲಿ ಆ ತೊಟ್ಟಿ ಎಲ್ಲಿಡುತ್ತೀರಿ ಎಂದು ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಅವರನ್ನು ಕೇಳಿ. ತಟ್ಟನೆ ಬೊಟ್ಟು ಮಾಡಿ ತೋರಿಸಿದರೆ ಆ ಕಾಲೇಜಿನ ಮೇಲೆ ಭರವಸೆ ಇಡಬಹುದು.

ದಿನನಿತ್ಯದ ಎಚ್ಚರಕ್ಕೆ ತಕ್ಕಡಿ ಸಾಕು. ಅಭ್ಯಾಸಕ್ಕೆ ಮೊದಲು, ಆಮೇಲೆ ತೂಕ ನೋಡಿ. ಇಳಿದ ಪ್ರತಿ ಕಿಲೋಗೆ ಸುಮಾರು ಒಂದೂವರೆ ಲೀಟರ್ ದ್ರವ ಮುಂದಿನ ಅಭ್ಯಾಸದೊಳಗೆ ಹೊಟ್ಟೆ ಸೇರಬೇಕು, ಉಪ್ಪಿನ ಸಮೇತ. ನಮ್ಮ ನೀರು ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೂ ಅದೇ ಕೆಲಸ ಆಗುತ್ತದೆ.

ಹೆಲ್ಮೆಟ್ ಸರಿಯಾಗಿ ಕೂತಿದೆ ಎಂದು ತಿಳಿಯುವುದು ಹೇಗೆ?

ಮುಂದಿನ ಅಂಚು ಹುಬ್ಬಿನ ಮೇಲೆ ಸುಮಾರು ಒಂದು ಇಂಚಿನಷ್ಟು ಇರಬೇಕು. ಹೆಲ್ಮೆಟ್ ಹಿಡಿದು ಎಡಬಲಕ್ಕೆ ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೇ ಸರಿಯಬೇಕು. ಹೆಲ್ಮೆಟ್ ಮಾತ್ರ ಜಾರಿದರೆ ಸಡಿಲ. ಗಲ್ಲದ ಪಟ್ಟಿಯ ನಾಲ್ಕೂ ಗುಂಡಿಗಳು ಬಿಗಿಯಾಗಿರಬೇಕು, ಬಾಯಿ ಆಕಳಿಸಿದಾಗ ಹೆಲ್ಮೆಟ್ ತಲೆಯ ಮೇಲೆ ಕೆಳಕ್ಕೆ ಎಳೆದಂತಾಗಬೇಕು. ಒಳಗಿನ ಗಾಳಿಚೀಲಗಳಿಂದ ದಿನಗಳೆದಂತೆ ಗಾಳಿ ಇಳಿಯುತ್ತದೆ, ಚಳಿ ಶುರುವಾದಾಗ ಇನ್ನೂ ಬೇಗ. ತಲೆಗೂದಲು ಬೋಳಿಸಿಕೊಂಡರೆ ಒಂದೇ ದಿನದಲ್ಲಿ ಅಳತೆ ಬದಲಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಪಂಪ್ ಹಿಡಿದು ನೋಡಿಸಿಕೊಳ್ಳಿ. ತಲೆಬುರುಡೆ ಬಿರಿಯುವುದನ್ನು ಹೆಲ್ಮೆಟ್ ತಡೆಯುತ್ತದೆ. ಒಳಗಿನ ಮೆದುಳು ಅಲುಗುವುದನ್ನು ಪೂರ್ತಿ ತಡೆಯುವ ಹೆಲ್ಮೆಟ್ ಇಲ್ಲ.

ತಲೆಗೆ ಪೆಟ್ಟಾದರೆ?

ಕನ್ಕಷನ್, ಅಂದರೆ ಪೆಟ್ಟಿನಿಂದ ಮೆದುಳಿಗೆ ಆಗುವ ಆಘಾತ, ಎಂಬ ಅನುಮಾನ ಬಂದರೆ ಅವತ್ತಿನ ಆಟ ಮುಗಿಯಿತು. ಅದೇ ದಿನ ಮರಳುವುದಿಲ್ಲ, ಕೋಚ್ ಹೇಳಿದರೂ ಇಲ್ಲ. ತಲೆನೋವು, ಮಂಪರು, ಬೆಳಕು ಚುಚ್ಚುವುದು ಇವೆಲ್ಲ ತಗ್ಗಿದಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು: ಮೊದಲು ನಡಿಗೆ, ಸೈಕಲ್, ಆಮೇಲೆ ಓಟ, ಆಮೇಲೆ ಯಾರಿಗೂ ತಾಗದ ಅಭ್ಯಾಸ, ವೈದ್ಯರ ಒಪ್ಪಿಗೆಯ ನಂತರವೇ ತಾಗುವ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ನೋವು ಮರಳಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಅಂದರೆ ಶನಿವಾರ ಪೆಟ್ಟಾದವನು ಮುಂದಿನ ಶನಿವಾರ ಆಡುವುದು ಕಷ್ಟ. ಇಡೀ ಸೀಸನ್ನಿಗೆ ಹತ್ತೇ ಪಂದ್ಯ ಎಂಬ ಕಾರಣಕ್ಕೇ ಹುಡುಗರು ಲಕ್ಷಣ ಮುಚ್ಚಿಡುತ್ತಾರೆ. ಫೋನಿನಲ್ಲಿ ಮಾತಾಡುವಾಗ ಅವನ ಮಾತಿನಲ್ಲಿ ವ್ಯತ್ಯಾಸ ಕಂಡರೆ ಮನೆಯವರು ಸುಮ್ಮನಿರಬಾರದು, ಟ್ರೈನರ್‌ಗೆ ತಿಳಿಸಲು ಅವನನ್ನು ಒತ್ತಾಯಿಸಿ.

ಸೀಸನ್ ನಡುವಿನ ಒಂದು ವಾರ ಹೇಗಿರುತ್ತದೆ?

ಕಾಲೇಜಿನಿಂದ ಕಾಲೇಜಿಗೆ ಬೇರೆ, ಆದರೆ ಬಹುಪಾಲು ಹೀಗೆ. ಶನಿವಾರ ಪಂದ್ಯ. ಭಾನುವಾರ ಗಾಯ ತೋರಿಸಿಕೊಂಡು, ನಿನ್ನೆಯ ಪಂದ್ಯದ ವಿಡಿಯೊ ನೋಡುವುದು. ಸೋಮವಾರ ಹಗುರ ಅಭ್ಯಾಸ. ಮೊದಲ ವರ್ಷದ ಹುಡುಗರಿಗೆ ಅಂದು ಅಥವಾ ಭಾನುವಾರ ಜೂನಿಯರ್ ತಂಡದ ಪಂದ್ಯವಿರಬಹುದು. ಮಂಗಳವಾರ, ಬುಧವಾರ ಪ್ಯಾಡ್ ಕಟ್ಟಿದ ಗಟ್ಟಿ ಅಭ್ಯಾಸ. ಗುರುವಾರ ವೇಗ ತಗ್ಗಿಸಿ ತಾಲೀಮು. ಶುಕ್ರವಾರ ಹೆಲ್ಮೆಟ್ ತೊಟ್ಟು ಒಂದು ಸುತ್ತು, ದೂರದ ಪಂದ್ಯವಾದರೆ ಬಸ್. ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಕೊಡುವುದು ಕಡ್ಡಾಯ, ಹಾಗಾಗಿ ಇವುಗಳಲ್ಲಿ ಒಂದು ದಿನ, ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ, ಖಾಲಿ ಇರುತ್ತದೆ.

ಹೊರಗಿನವರ ಕಣ್ಣಿಗೆ ಬೀಳದ ದುಡಿಮೆ ಸ್ಕೌಟ್ ತಂಡದ್ದು. ನೂರು ಹುಡುಗರಲ್ಲಿ ಶನಿವಾರ ನಿಜವಾಗಿ ಆಡುವವರು ನಲವತ್ತೈದು, ಐವತ್ತು. ಉಳಿದವರು ಮಂಗಳವಾರ ಮತ್ತು ಬುಧವಾರ ಮುಂದಿನ ಎದುರಾಳಿಯ ವೇಷ ಹಾಕುತ್ತಾರೆ. ಕೋಚ್ ಎತ್ತಿ ಹಿಡಿದ ರಟ್ಟಿನ ಮೇಲಿನ ಚಿತ್ರ ನೋಡಿ ಎದುರಾಳಿಯ ಆಟವನ್ನೇ ಆಡಿ ತೋರಿಸುತ್ತಾರೆ. ಸ್ಕೌಟ್ ತಂಡ ಉದಾಸೀನ ಮಾಡಿದ ವಾರ ಮುಖ್ಯ ತಂಡ ಶನಿವಾರದ ಮೊದಲ ಕ್ವಾರ್ಟರ್‌ನಲ್ಲಿ ಕಕ್ಕಾಬಿಕ್ಕಿಯಾಗುತ್ತದೆ. ಕಾರಣ ಕೇಳಿದರೆ ಎಲ್ಲ ಕೋಚ್‌ಗಳೂ ಬುಧವಾರದ ಕಡೆಗೇ ಕೈ ತೋರಿಸುತ್ತಾರೆ.

ಕೇವಲ ಹತ್ತು ಪಂದ್ಯ ಯಾಕೆ? ಯಾರ ಮೇಲೆ ಯಾರು ಆಡಬೇಕೆಂದು ಯಾರು ನಿರ್ಧರಿಸುತ್ತಾರೆ?

ಡಿವಿಷನ್ 3ರ ಮಿತಿ ಹತ್ತು. ಡಿವಿಷನ್ 2ರಲ್ಲಿ ಹನ್ನೊಂದು. ಹನ್ನೊಂದು ವಾರಗಳಲ್ಲಿ ಹತ್ತು ಪಂದ್ಯ, ಒಂದು ವಾರ ಬಿಡುವು. ಕಾಲೇಜುಗಳು ಕಾನ್ಫರೆನ್ಸ್ ಎಂಬ ಕೂಟಗಳಲ್ಲಿ ಸೇರಿರುತ್ತವೆ, ಕೂಟದೊಳಗಿನ ಪಂದ್ಯಗಳು ತಾವಾಗಿಯೇ ಗೊತ್ತಾಗುತ್ತವೆ. ಉಳಿದವನ್ನು ಕೋಚ್‌ಗಳು ಫೋನ್ ಮಾಡಿ ಕುದುರಿಸಬೇಕು. ಎಂಟು ತಂಡದ ಕೂಟದಲ್ಲಿ ಏಳು ಪಂದ್ಯ ಸಿಕ್ಕು ಮೂರು ಹುಡುಕಬೇಕಾಗುತ್ತದೆ. ವಿಸ್ಕಾನ್ಸಿನ್ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳ ಕೂಟ ತುಂಬ ಗಟ್ಟಿ; ಅಲ್ಲಿನ ತಂಡಗಳಿಗೆ ಆ ಮೂರು ಪಂದ್ಯ ಕೊಡಲು ಸುತ್ತಲಿನವರು ಹಿಂಜರಿಯುತ್ತಾರೆ. ನ್ಯೂ ಇಂಗ್ಲೆಂಡಿನ ನೆಸ್ಕಾಕ್ ಕೂಟದ ಹತ್ತು ಕಾಲೇಜುಗಳು ಇದಕ್ಕೆ ವಿರುದ್ಧ. 2017ರಿಂದ ತಮ್ಮತಮ್ಮಲ್ಲೇ ಒಂಬತ್ತು ಪಂದ್ಯ ಆಡುತ್ತವೆ, ಹೊರಗೆ ಕಾಲಿಡುವುದಿಲ್ಲ. ರಾಷ್ಟ್ರೀಯ ಪ್ಲೇಆಫ್‌ಗೂ ಬಹುಕಾಲ ಹೋಗಲೇ ಇಲ್ಲ.

ಪ್ಲೇಆಫ್‌ಗೆ ಯಾರು ಹೋಗುತ್ತಾರೆ? ಒಂದು ಪಂದ್ಯ ಸೋತರೆ ಮುಗಿಯಿತೇ?

ಎಲ್ಲರೂ ತಪ್ಪು ತಿಳಿಯುವ ಜಾಗ ಇದು, ನಿಧಾನವಾಗಿ ಓದಿ.

1973ರಲ್ಲಿ ನಾಲ್ಕೇ ತಂಡಗಳಿದ್ದವು. 1999ರಲ್ಲಿ 28, 2005ರಲ್ಲಿ 32, 2024ರಿಂದ 40. ಮೊದಲ ಬಾಗಿಲು ಕೂಟದ ಚಾಂಪಿಯನ್ನರದು; ಅರ್ಹ ಕೂಟವನ್ನು ಗೆದ್ದ ತಂಡಕ್ಕೆ ನೇರ ಪ್ರವೇಶ. ಕೂಟದ ಹೊರಗಿನ ಮೂರೂ ಪಂದ್ಯ ಸೋತು, ಒಳಗಿನ ಏಳನ್ನೂ ಗೆದ್ದರೆ ಯಾರೂ ಅದನ್ನು ತಡೆಯಲಾರರು. ಎರಡನೇ ಬಾಗಿಲು ಉಳಿದವರಿಗೆ, ಅಲ್ಲಿ ಜಾಗ ಕಡಿಮೆ. ಒಂಬತ್ತು ಗೆದ್ದು ಒಂದೇ ಸೋತ ತಂಡವೂ, ಆ ಒಂದು ಸೋಲು ಕೂಟದ ಮುಖ್ಯ ಪ್ರತಿಸ್ಪರ್ಧಿಯ ಕೈಯಲ್ಲಿ ಆಗಿದ್ದರೆ, ಇಲ್ಲಿ ಸಾಲಿನಲ್ಲಿ ನಿಂತು ಕಾಯಬೇಕು.

ಆ ಸಾಲನ್ನು 2024ರಿಂದ ಎನ್‌ಪಿಐ ಎಂಬ ಸೂಚ್ಯಂಕ ನಿರ್ಧರಿಸುತ್ತದೆ. ಗೆಲುವು ಸೋಲುಗಳ ಜೊತೆಗೆ ಎದುರಾಳಿ ಎಷ್ಟು ಬಲಶಾಲಿ, ಪಂದ್ಯ ಯಾರ ಊರಿನಲ್ಲಿ ನಡೆಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎಷ್ಟು ಅಂಕಗಳಿಂದ ಗೆದ್ದಿರಿ ಎಂಬುದು ಬರುವುದಿಲ್ಲ. ಆದ್ದರಿಂದ 60–0 ಆದಮೇಲೂ ಮುಖ್ಯ ಆಟಗಾರರನ್ನು ಮೈದಾನದಲ್ಲಿ ಇಟ್ಟರೆ ಸಿಗುವುದು ಗಾಯ ಮಾತ್ರ. ಡಿವಿಷನ್ 3ರ ಹೊರಗಿನ ತಂಡದ ಮೇಲಿನ ಗೆಲುವೂ ಈ ಲೆಕ್ಕದಲ್ಲಿ ಸೇರದು. ಹೊರಗಿನ ಪಂದ್ಯಗಳಿಗೆ ದುರ್ಬಲರನ್ನೇ ಹುಡುಕಿ ಕರೆಸಿಕೊಂಡ ಕೋಚ್‌ಗೆ ನವೆಂಬರ್‌ನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ನಲವತ್ತರಲ್ಲಿ 24 ತಂಡಗಳಿಗೆ ಮೊದಲ ಸುತ್ತು ಬಿಡುವು, ಉಳಿದ 16 ಎಂಟು ಪಂದ್ಯ ಆಡುತ್ತವೆ. ಆಮೇಲೆ 32, 16, 8, 4, 2. 2024ರ ಸೀಸನ್‌ನಲ್ಲಿ ಮೊದಲ ಸುತ್ತು ನವೆಂಬರ್ 23ಕ್ಕೆ, ಸೆಮಿಫೈನಲ್ ಡಿಸೆಂಬರ್ 21ಕ್ಕೆ, ಫೈನಲ್ 2025ರ ಜನವರಿ 5ಕ್ಕೆ ಟೆಕ್ಸಾಸ್‌ನ ಹಂಬಲ್‌ನಲ್ಲಿ ನಡೆದವು. ಫೈನಲ್ ಬಿಟ್ಟು ಉಳಿದೆಲ್ಲ ಪಂದ್ಯಗಳು ಯಾವುದಾದರೊಂದು ಕಾಲೇಜಿನ ಮೈದಾನದಲ್ಲೇ. ವಿಮಾನದ ಖರ್ಚು ಉಳಿಸಲು ಬಸ್ಸಿನಲ್ಲಿ ಹೋಗಬಹುದಾದ ದೂರದ ತಂಡಗಳನ್ನೇ ಜೋಡಿಸುವ ಪದ್ಧತಿ ಹಳೆಯದು; ಬಹುಕಾಲ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್, ಅದರ ಗಡಿಯಾಗಿತ್ತು. ಬಲಿಷ್ಠ ತಂಡಗಳೆರಡು ಬೇಗನೇ ಮುಖಾಮುಖಿಯಾಗಿ ಒಂದು ಮನೆಗೆ ಹೋಗುತ್ತಿದ್ದುದಕ್ಕೆ ಈ ಮೈಲಿಗಳ ಗಡಿಯೇ ಕಾರಣ. ಡಿಸೆಂಬರ್‌ನ ಸೆಮಿಸ್ಟರ್ ಪರೀಕ್ಷೆಗಳೂ ಇದೇ ವಾರಗಳಲ್ಲಿ ಬರುತ್ತವೆ. ಸೆಪ್ಟೆಂಬರ್‌ನಲ್ಲೇ ಪ್ರಾಧ್ಯಾಪಕರ ಜೊತೆ ಮಾತಾಡಿಟ್ಟುಕೊಳ್ಳದ ಹುಡುಗರು ಪೇಚಿಗೆ ಸಿಕ್ಕುತ್ತಾರೆ.

ಫೈನಲ್‌ಗೆ ಸ್ಟ್ಯಾಗ್ ಬೌಲ್ ಎನ್ನುವುದೇಕೆ?

ಏಮಸ್ ಅಲೊಂಜೊ ಸ್ಟ್ಯಾಗ್ 1892ರಿಂದ 1932ರವರೆಗೆ ಷಿಕಾಗೊ ವಿಶ್ವವಿದ್ಯಾಲಯದ ಕೋಚ್ ಆಗಿದ್ದವರು. ಅವರ ಹೆಸರಿನ ಈ ಫೈನಲ್‌ನಲ್ಲಿ 1973ರಲ್ಲಿ ವಿಟೆನ್‌ಬರ್ಗ್ ತಂಡ ಜುನಿಯಾಟಾವನ್ನು 41–0ಯಿಂದ ಸೋಲಿಸಿತು. ಫೈನಲ್ ಹೆಚ್ಚು ಕಾಲ ನೆಲೆಸಿದ್ದು ವರ್ಜೀನಿಯಾದ ಸೇಲಂ ಊರಿನಲ್ಲಿ, 1993ರಿಂದ 2017ರವರೆಗೆ.

ಷಿಕಾಗೊ ಕತೆ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಮೊದಲ ಬಾರಿಗೆ 1935ರಲ್ಲಿ ಸಂದದ್ದು ಅಲ್ಲಿನ ಜೇ ಬರ್ವಾಂಗರ್‌ಗೆ. ನಾಲ್ಕೇ ವರ್ಷಕ್ಕೆ, 1939ರ ಸೀಸನ್ ಮುಗಿದಮೇಲೆ, ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಬಿಟ್ಟುಬಿಟ್ಟಿತು. ಖಾಲಿಬಿದ್ದ ಸ್ಟ್ಯಾಗ್ ಫೀಲ್ಡ್‌ನ ಪಶ್ಚಿಮದ ಮೆಟ್ಟಿಲುಸಾಲಿನ ಕೆಳಗೆ 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆಯಿತು. 1969ರಲ್ಲಿ ಫುಟ್‌ಬಾಲ್ ಮರಳಿತು. ಮುಂದೆ ಡಿವಿಷನ್ 3 ಹುಟ್ಟಿದಾಗ ಷಿಕಾಗೊ ಅಲ್ಲಿ ನೆಲೆ ಕಂಡಿತು. ಎ.ಕೆ. ರಾಮಾನುಜನ್ ಅಲ್ಲಿ ಪಾಠ ಹೇಳುತ್ತಿದ್ದ ವರ್ಷಗಳವು. ಹಳೆಯ ಸ್ಟ್ಯಾಗ್ ಫೀಲ್ಡ್ ಇದ್ದ ಜಾಗದಲ್ಲಿ ಈಗ ಇರುವುದು ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯ.

ಯಾವ ತಂಡಗಳನ್ನು ಗಮನಿಸಬೇಕು?

ಮೊದಲ ಹೆಸರು ಒಹಾಯೊದ ಅಲಯನ್ಸ್ ಎಂಬ ಸಣ್ಣ ಊರಿನ ಮೌಂಟ್ ಯೂನಿಯನ್. 1993ರಿಂದ 2017ರ ನಡುವೆ 13 ರಾಷ್ಟ್ರೀಯ ಪ್ರಶಸ್ತಿ. ಅದರಲ್ಲಿ 11 ಕೋಚ್ ಲ್ಯಾರಿ ಕೆರಸ್ ಕಾಲದ್ದು. ಅವರ ಲೆಕ್ಕ 332 ಗೆಲುವು, 24 ಸೋಲು, 3 ಸಮ. ಈ ತಂಡ ಒಮ್ಮೆ ಸತತ 54 ಪಂದ್ಯ ಗೆದ್ದಿತು. ಆ ಸರಣಿ 1999ರಲ್ಲಿ ಮುರಿದಮೇಲೆ ಮತ್ತೆ 55 ಗೆದ್ದಿತು. ವಿಸ್ಕಾನ್ಸಿನ್–ವೈಟ್‌ವಾಟರ್ 2007ರಿಂದ 2014ರ ನಡುವೆ ಆರು ಬಾರಿ ಗೆದ್ದಿತು. 2005ರಿಂದ 2011ರವರೆಗೆ ಏಳು ವರ್ಷ ಸತತ ಇವೆರಡೇ ಫೈನಲ್ ಆಡಿದವು. ಬೇರೆಯವರಿಗೆ ಬೇಸರವಾಗಿದ್ದಿರಬಹುದು, ಆದರೆ ಸ್ಕಾಲರ್‌ಶಿಪ್ ಇಲ್ಲದ ಹುಡುಗರಿಂದ ಇಷ್ಟು ಪಳಗಿದ ಆಟ ತೆಗೆದದ್ದು ಈ ಎರಡು ತಂಡಗಳ ದೊಡ್ಡ ಸಾಧನೆ. ಇತ್ತೀಚಿನ ಬಲ ಇಲಿನಾಯ್‌ನ ನಾರ್ತ್ ಸೆಂಟ್ರಲ್: 2019, 2022, 2024ರ ಚಾಂಪಿಯನ್.

ಮಿನೆಸೋಟಾದ ಸೇಂಟ್ ಜಾನ್ಸ್ ಬೇರೆಯೇ ಪಾಠ. ಅಲ್ಲಿನ ಕೋಚ್ ಜಾನ್ ಗಲಿಯಾರ್ಡಿ 2012ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 489 ಗೆಲುವುಗಳಿದ್ದವು. ಕಾಲೇಜು ಫುಟ್‌ಬಾಲ್‌ನ ಯಾವ ಹಂತದಲ್ಲೂ ಅಷ್ಟು ಯಾರಿಗೂ ಇಲ್ಲ. ಅವರ ಅಭ್ಯಾಸದಲ್ಲಿ ಟ್ಯಾಕಲ್ ಮಾಡಿ ಕೆಡವುವಂತಿರಲಿಲ್ಲ. ಹುಡುಗರು ಅವರನ್ನು ಕೋಚ್ ಎನ್ನದೆ ಹೆಸರು ಹಿಡಿದು ಕರೆಯಬೇಕಿತ್ತು. ವಾರವಿಡೀ ಮೈಮುರಿಯದ ತಂಡ ಶನಿವಾರ ತಾಜಾ ಇರುತ್ತಿತ್ತು. ಮೌಂಟ್ ಯೂನಿಯನ್ನಿನ ಆ 55ರ ಸರಣಿಯನ್ನು 2003ರ ಫೈನಲ್‌ನಲ್ಲಿ 24–6ರಿಂದ ಮುರಿದದ್ದು ಇದೇ ತಂಡ. ಡಿವಿಷನ್ 3ರ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿ ಗಲಿಯಾರ್ಡಿ ಅವರ ಹೆಸರಿನದೇ.

ಪಂದ್ಯ ಸಮವಾದರೆ? ಎರಡು ಅಂಕದ ಪ್ರಯತ್ನ ಯಾವಾಗ ಮಾಡಬೇಕು?

ಸಮವಾದರೆ ಓವರ್‌ಟೈಮ್. ಎರಡೂ ತಂಡಕ್ಕೆ ಎದುರಾಳಿಯ 25 ಗಜದ ಗೆರೆಯಿಂದ ಒಂದೊಂದು ಅವಕಾಶ. ಎರಡನೇ ಓವರ್‌ಟೈಮ್‌ನಿಂದ ಟಚ್‌ಡೌನ್ ಆದಮೇಲೆ ಎರಡು ಅಂಕಕ್ಕೇ ಹೋಗಬೇಕು. ಮೂರನೆಯದರಿಂದ 3 ಗಜದ ಗೆರೆಯಿಂದ ಒಂದೊಂದೇ ಎಸೆತ ಅಥವಾ ಓಟ, ಸಾಕರ್‌ನ ಪೆನಾಲ್ಟಿ ಶೂಟೌಟ್ ಹಾಗೆ.

2023ರ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ 38–31 ಮುಂದಿತ್ತು. ಹಿಂದಿನ ವರ್ಷದ ಚಾಂಪಿಯನ್ ನಾರ್ತ್ ಸೆಂಟ್ರಲ್ ಕೊನೆಯ ನಿಮಿಷಗಳಲ್ಲಿ ಟಚ್‌ಡೌನ್ ಮಾಡಿ 38–37ಕ್ಕೆ ತಂದಿತು. ಒದ್ದು ಒಂದು ಅಂಕ ತೆಗೆದರೆ ಸಮ. ಅವರು ಎರಡಕ್ಕೆ ಹೋದರು, ಕಾರ್ಟ್‌ಲ್ಯಾಂಡ್ ತಡೆಯಿತು, ಅದಕ್ಕೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿತು. ಸೋತಮೇಲೆ ಆ ನಿರ್ಧಾರವನ್ನು ಬೈದವರು ಹಲವರು. ನಮ್ಮ ಅಭಿಪ್ರಾಯದಲ್ಲಿ ಅದು ತಪ್ಪಲ್ಲ. 3 ಗಜದಿಂದ ಒಳಹೊಗುವ ಸಾಧ್ಯತೆ ಹೆಚ್ಚು ಕಡಿಮೆ ಅರ್ಧಕ್ಕರ್ಧ, ಓವರ್‌ಟೈಮ್ ಗೆಲ್ಲುವ ಸಾಧ್ಯತೆಯೂ ಅಷ್ಟೇ. ಓಟದಲ್ಲಿ ಬಲವಿರುವ ತಂಡ, ಎದುರಾಳಿ ದಣಿದಿರುವಾಗ, ಪಂದ್ಯವನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುವುದು ಸರಿಯಾದ ಲೆಕ್ಕ.

ಸೋತ ತಂಡಗಳಿಗೆ ಸೀಸನ್‌ನಲ್ಲಿ ಏನು ಉಳಿಯುತ್ತದೆ?

ಕೊನೆಯ ಶನಿವಾರದ ಹಳೇ ಹಗೆತನದ ಪಂದ್ಯ. ಇಂಡಿಯಾನಾದ ಡಿಪಾ ಮತ್ತು ವಾಬಾಷ್ 1890ರಿಂದ ಕಾದಾಡುತ್ತಿವೆ. 1932ರಿಂದ ಅವರ ಬಹುಮಾನ ರೈಲು ಎಂಜಿನ್ನಿನಿಂದ ತೆಗೆದ ಒಂದು ಗಂಟೆ, ಮೊನಾನ್ ಬೆಲ್. ಕಾರ್ಟ್‌ಲ್ಯಾಂಡ್ ಮತ್ತು ಇಥಾಕಾ ಒಂದು ಹೂಜಿಗಾಗಿ ಆಡುತ್ತವೆ. 2019ರಲ್ಲಿ ಆ ಪಂದ್ಯವನ್ನು ಮೆಟ್‌ಲೈಫ್ ಸ್ಟೇಡಿಯಂನಲ್ಲಿ ನಡೆಸಿದಾಗ 45,161 ಜನ ಸೇರಿ ಡಿವಿಷನ್ 3ರ ದಾಖಲೆಯಾಯಿತು. ಒಂಬತ್ತು ಪಂದ್ಯ ಸೋತರೂ ಇದೊಂದನ್ನು ಗೆದ್ದ ತಂಡ ವರ್ಷವಿಡೀ ತಲೆಯೆತ್ತಿ ನಡೆಯುತ್ತದೆ.

ಕರ್ನಾಟಕದಿಂದ ಹೋದ ವಿದ್ಯಾರ್ಥಿ ತಂಡಕ್ಕೆ ಸೇರಬಹುದೇ?

ಪದವಿಗೆ ಹೋದವರು ಸೇರಬಹುದು. ನಾಲ್ಕು ಸೀಸನ್ ಆಡುವ ಅವಕಾಶ, ಪೂರ್ಣಾವಧಿ ಓದಿನ ಹತ್ತು ಸೆಮಿಸ್ಟರ್‌ಗಳ ಒಳಗೆ. ಹಣಕ್ಕಾಗಿ ಆಡಿದವರಲ್ಲ ಎಂಬ ದೃಢೀಕರಣವನ್ನು ವಿದೇಶಿ ವಿದ್ಯಾರ್ಥಿಗಳು ಎನ್‌ಸಿಎಎಯ ಅರ್ಹತಾ ಕೇಂದ್ರದಿಂದ ಪಡೆಯಬೇಕು. ಜೂನ್‌ನಲ್ಲೇ ಶುರು ಮಾಡಿ. ಪಿಯು ಕಾಲೇಜು ಎಂಬ ಹೆಸರಿನಲ್ಲಿ ಕಾಲೇಜು ಎಂದಿರುವುದರಿಂದ ಗೊಂದಲವಾಗಬಹುದು. ಅದು 11 ಮತ್ತು 12ನೇ ತರಗತಿ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಎಂಎಸ್‌ಗೆ ಹೋಗುವವರ ಕತೆ ಬೇರೆ. ಬೆಂಗಳೂರಲ್ಲೋ ಸುರತ್ಕಲ್‌ನಲ್ಲೋ ಬಿಇ ಓದಿದ ಎಂಟು ಸೆಮಿಸ್ಟರ್‌ಗಳೂ ಆ ಹತ್ತರಲ್ಲಿ ಸೇರುತ್ತವೆ. ಉಳಿಯುವುದು ಎರಡು, ಅಂದರೆ ಹೆಚ್ಚೆಂದರೆ ಒಂದು ಸೀಸನ್. ಎನ್‌ಸಿಎಎ ನಿಯಮಪಾಲನೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲೈಯನ್ಸ್ ಅಧಿಕಾರಿಯಿಂದ ಬರಹದಲ್ಲಿ ಉತ್ತರ ಪಡೆಯದೆ ಅಭ್ಯಾಸಕ್ಕೆ ಇಳಿಯಬೇಡಿ.

ಸ್ಥಾನ? ಹೈಸ್ಕೂಲಿನಿಂದ ಈ ಆಟ ಆಡದವರಿಗೆ ತೆರೆದಿರುವ ಬಾಗಿಲು ಚೆಂಡು ಒದೆಯುವ ಕಿಕ್ಕರ್‌ದು. ಸಾಕರ್ ಆಡಿದ ಕಾಲಿಗೆ ಕೆಲಸ ಬೇಗ ಹತ್ತುತ್ತದೆ. ಚೆಂಡನ್ನು ಗೆರೆಯಿಂದ 7 ಗಜ ಹಿಂದೆ ಒಬ್ಬ ಹಿಡಿಯುತ್ತಾನೆ, ಗೋಲುಗಂಬ ಗೋಲುಗೆರೆಯಿಂದ 10 ಗಜ ಹಿಂದೆ, ಎಂಡ್ ಝೋನ್‌ನ ಕೊನೆಯಲ್ಲಿದೆ. ಹಾಗಾಗಿ 20 ಗಜದ ಗೆರೆಯಲ್ಲಿ ಆಟ ನಿಂತರೆ ಒದೆಯಬೇಕಾದ ದೂರ 37 ಗಜ. ಚೆಂಡು ಹಿಂದಕ್ಕೆ ಹಾರಿದ ಕ್ಷಣದಿಂದ ಕಾಲು ತಾಗುವವರೆಗೆ ಸುಮಾರು 1.3 ಸೆಕೆಂಡ್ ಮಾತ್ರ. ತಡವಾದರೆ ಎದುರಾಳಿಯ ಕೈ ಅಡ್ಡ ಬರುತ್ತದೆ. ಹೊಸಬರು ಮಾಡುವ ತಪ್ಪು ಒಂದೇ: ಚೆಂಡು ಎಲ್ಲಿ ಹೋಯಿತೆಂದು ನೋಡಲು ತಲೆ ಬೇಗ ಎತ್ತುತ್ತಾರೆ. ಆಗ ಸೊಂಟ ತಿರುಗಿ ಚೆಂಡು ಪಕ್ಕಕ್ಕೆ ಹೋಗುತ್ತದೆ.

ಜಾಹೀರಾತಿನಿಂದ ಹಣ ಗಳಿಸಬಹುದು ಎನ್ನುತ್ತಾರಲ್ಲ?

2021ರ ಜುಲೈ 1ರಿಂದ ಎಲ್ಲ ಡಿವಿಷನ್‌ಗಳ ಆಟಗಾರರೂ ತಮ್ಮ ಹೆಸರು, ಚಿತ್ರಗಳಿಂದ ಹಣ ಪಡೆಯಬಹುದು. ಆದರೆ ಅದು ಎನ್‌ಸಿಎಎ ನಿಯಮ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಅನುಮತಿಯಿಲ್ಲದ ದುಡಿಮೆ ವೀಸಾಕ್ಕೇ ಕುತ್ತು ತರಬಹುದು. ಅಂಗಡಿಯವರು ಕೊಡುವ ಉಚಿತ ಶೂ ಆದರೂ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ.

ಇಲ್ಲಿಂದ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋದವರಿದ್ದಾರೆಯೇ?

ಬೆರಳೆಣಿಕೆಯಷ್ಟು. ಹೋಬಾರ್ಟ್ ಕಾಲೇಜಿನ ಆಲಿ ಮಾರ್ಪೆಟ್ ಅವರನ್ನು 2015ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ಟ್ಯಾಂಪಾ ಬೇ 61ನೆಯವರಾಗಿ ಆರಿಸಿತು. ವೈಟ್‌ವಾಟರ್‌ನ ಕ್ವಿನ್ ಮೈನರ್ಜ್ 2021ರಲ್ಲಿ ಡೆನ್ವರ್ ಸೇರಿದರು. ಇಬ್ಬರೂ ಲೈನ್‌ಮನ್‌ಗಳು. ಕೋಚ್‌ಗಳಾಗಿ ಬೆಳೆದವರು ಹೆಚ್ಚು: 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾಗೆ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟ ನಿಕ್ ಸಿರಿಯಾನಿ ಮೌಂಟ್ ಯೂನಿಯನ್‌ನಲ್ಲಿ ಆಡಿದವರು.

ಬೆಂಗಳೂರಿನಿಂದ ಪಂದ್ಯ ನೋಡುವುದು ಹೇಗೆ?

ಬಹುತೇಕ ಕಾಲೇಜುಗಳು ತಮ್ಮ ಅಥ್ಲೆಟಿಕ್ಸ್ ಜಾಲತಾಣದಲ್ಲಿ ನೇರಪ್ರಸಾರ ಮಾಡುತ್ತವೆ. ಕ್ಯಾಮೆರಾ ಒಂದೋ ಎರಡೋ ಇರುತ್ತವೆ, ವೀಕ್ಷಕ ವಿವರಣೆ ವಿದ್ಯಾರ್ಥಿಗಳದೇ ಆಗಿರಬಹುದು. ಶನಿವಾರ ಮಧ್ಯಾಹ್ನ 1 ಗಂಟೆ ಸಾಮಾನ್ಯ ಸಮಯ. ಪೂರ್ವ ರಾಜ್ಯಗಳಲ್ಲಿ ಅದು ನಮಗೆ ರಾತ್ರಿ 10:30. ಇಲಿನಾಯ್, ವಿಸ್ಕಾನ್ಸಿನ್, ಮಿನೆಸೋಟಾಗಳಲ್ಲಿ 11:30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಇಲ್ಲಿಯ ಸಮಯ 11:30 ಮತ್ತು 12:30. ಪ್ಲೇಆಫ್‌ಗಳೆಲ್ಲ ಈ ಬದಲಾವಣೆಯ ನಂತರವೇ ಬರುತ್ತವೆ, ಹಳೆಯ ಅಲಾರಂ ತಿದ್ದಿಕೊಳ್ಳಿ.

ಅಲ್ಲೇ ಇರುವವರು ಮೈದಾನಕ್ಕೆ ಹೋಗಿ. ನವೆಂಬರ್‌ನಲ್ಲಿ ಕೂರುವುದು ಅಲ್ಯೂಮಿನಿಯಂ ಬೆಂಚಿನ ಮೇಲೆ. ಚಳಿ ಕೆಳಗಿನಿಂದ ಏರುತ್ತದೆ, ಮಡಚಿದ ಕಂಬಳಿ ಒಯ್ಯಿರಿ. ಮಿಂಚು ಕಂಡರೆ ಆಟ ನಿಲ್ಲಿಸುತ್ತಾರೆ, ಕೊನೆಯ ಮಿಂಚಿನಿಂದ 30 ನಿಮಿಷ ಕಳೆಯುವವರೆಗೆ ಯಾರೂ ಮೈದಾನಕ್ಕೆ ಇಳಿಯುವುದಿಲ್ಲ. ನಡುವೆ ಮತ್ತೊಂದು ಮಿಂಚಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಪಂದ್ಯ ಮುಗಿದಮೇಲೆ ಹಲವು ಕಡೆ ಮನೆಯವರು, ಗೆಳೆಯರು ಮೈದಾನಕ್ಕೇ ಇಳಿದು ಹುಡುಗರನ್ನು ಮಾತಾಡಿಸಬಹುದು.